ಮೈಕ್ ಬದಲಿಸುವ ಮೊದಲು ಸ್ಯಾಂಪಲ್ ರೇಟ್ ನೋಡಿ

ಮನೆಯ ಹಿರಿಯರ ಹಾಡುಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬೇಕೆಂಬ ಆಸೆಯಿಂದ ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಕೊಂಡವರು, ಧ್ವನಿ ಸರಿಯಾಗಿ ಬರಲಿಲ್ಲವೆಂದು ಒಂದೆರಡು ವಾರದಲ್ಲೇ ಅದನ್ನು ಕಪಾಟಿಗೆ ಸೇರಿಸುವುದನ್ನು ಹಲವು ಕಡೆ ಕಂಡಿದ್ದೇನೆ. ಎಲ್ಲರೂ ಮೊದಲು ಮೈಕಿನ ಮೇಲೆ ತಪ್ಪು ಹೊರಿಸಿ, ಅದಕ್ಕಿಂತ ಹೆಚ್ಚಿನ ಬೆಲೆಯದನ್ನು ಹುಡುಕಲು ತೊಡಗುತ್ತಾರೆ. ನಾನು ಕಂಡಂತೆ ತೊಂದರೆ ಇರುವುದು ಬಹುಪಾಲು ಸೆಟ್ಟಿಂಗ್‌ಗಳಲ್ಲಿ, ಅದರಲ್ಲೂ ಯಾರೂ ತೆರೆದು ನೋಡದ ಸ್ಯಾಂಪಲ್ ರೇಟ್‌ನಲ್ಲಿ, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆಯಬೇಕೆಂಬ ಸಂಖ್ಯೆಯಲ್ಲಿ.

ಕಳೆದ ಶ್ರಾವಣದಲ್ಲಿ ಅವ್ವನನ್ನು ಕೂರಿಸಿಕೊಂಡು ಅವಳಿಗೆ ಬರುವ ದಾಸರ ಪದಗಳನ್ನೆಲ್ಲ ಒಂದೇ ಸಂಜೆ ರೆಕಾರ್ಡ್ ಮಾಡಿದೆ. ತಂಬೂರಿಯ ಶ್ರುತಿ ಕಪ್ಪು ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ. ಇಂಟರ್‌ಫೇಸ್‌ಗೆ ಹೆಡ್‌ಫೋನ್ ಸಿಕ್ಕಿಸಿ ಕೇಳಿದಾಗ ಯಾವ ದೋಷವೂ ಕಾಣಲಿಲ್ಲ. ಮರುದಿನ ಅದನ್ನೇ ಫೋನಿಗೆ ಹಾಕಿ ಕೇಳಿಸಿದರೆ ಅವ್ವ, "ಇದು ನನ್ನ ದನಿ ಅಲ್ಲಪಾ, ಯಾವುದೋ ಸಣ್ಣ ಹುಡುಗಿ ಹಾಡಿದಂಗ ಅದ" ಎಂದಳು. ಹಾರ್ಮೋನಿಯಂ ತೆರೆದು ಹೋಲಿಸಿದೆ. ಷಡ್ಜವು ಬಿಳಿ ಆರಕ್ಕೂ ಕೂಡುತ್ತಿರಲಿಲ್ಲ, ಕಪ್ಪು ಐದಕ್ಕೂ ಕೂಡುತ್ತಿರಲಿಲ್ಲ. ಎರಡರ ನಡುವೆ ಎಲ್ಲೋ ನಿಂತಿತ್ತು. ಹತ್ತು ನಿಮಿಷ ಹಾಡಿದ್ದು ಒಂಬತ್ತು ನಿಮಿಷ ಹನ್ನೊಂದು ಸೆಕೆಂಡಿಗೆ ಮುಗಿದುಹೋಗಿತ್ತು.

ಕಾರಣ ಇಷ್ಟೇ. ಇಂಟರ್‌ಫೇಸ್ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಕೊಡುತ್ತಿತ್ತು. ಸಾಫ್ಟ್‌ವೇರ್ ಅದನ್ನು 48,000 ಎಂದು ಬರೆದುಕೊಳ್ಳುತ್ತಿತ್ತು. ಅದೇ ಇಂಟರ್‌ಫೇಸ್‌ನಲ್ಲಿ ಮತ್ತೆ ಕೇಳುವಾಗ ಹೋಗುವಾಗಿನ ತಪ್ಪನ್ನು ಬರುವಾಗಿನ ತಪ್ಪು ಸರಿದೂಗಿಸುವುದರಿಂದ ಕಿವಿಗೆ ಏನೂ ತಿಳಿಯುವುದಿಲ್ಲ. ಬೇರೆ ಸಾಧನವು ಫೈಲಿನ ಮೇಲೆ ಬರೆದಿರುವುದನ್ನೇ ನಂಬಿ ವೇಗವಾಗಿ ನುಡಿಸುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಪುಣ್ಯಕ್ಕೆ ಇದರಲ್ಲಿ ಧ್ವನಿ ಕೆಟ್ಟಿರುವುದಿಲ್ಲ, ಮೇಲಿನ ಬರಹವಷ್ಟೇ ತಪ್ಪಿರುತ್ತದೆ. ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಫೈಲು ತೆರೆದು, ಟ್ರ್ಯಾಕಿನ ಮೆನುವಿನಲ್ಲಿರುವ ರೇಟ್ ಎಂಬಲ್ಲಿ 44,100 ಆರಿಸಿದೆ. ಅವ್ವನ ದನಿ ಇದ್ದಂತೆಯೇ ಮರಳಿ ಬಂತು. ರೀಸ್ಯಾಂಪಲ್ ಎಂಬುದು ಬೇರೆ ಆಯ್ಕೆ. ಅದನ್ನು ಒತ್ತಿದರೆ ತಪ್ಪು ಶ್ರುತಿಯೇ ಹಾಗೆ ಉಳಿಯುತ್ತದೆ.

ಆದ್ದರಿಂದ ಇಂಟರ್‌ಫೇಸ್‌ನ ಕಂಟ್ರೋಲ್ ಪ್ಯಾನೆಲ್, ಸಾಫ್ಟ್‌ವೇರ್‌ನ ಪ್ರಾಜೆಕ್ಟ್ ಸೆಟ್ಟಿಂಗ್, ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ ಮೂರರಲ್ಲೂ ಒಂದೇ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಬೇಕು. ಬ್ರೌಸರ್‌ನಲ್ಲಿ ಹಾಡೋ ವಿಡಿಯೊವೋ ತೆರೆದಿದ್ದರೆ ಅದೂ ಈ ರೇಟನ್ನು ಬದಲಿಸಬಹುದು, ಮುಚ್ಚಿಬಿಡುವುದು ಒಳ್ಳೆಯದು.

ಇನ್ನೊಂದು ದೂರು, ಹಾಡುವಾಗ ತಮ್ಮ ದನಿ ತಮಗೇ ತಡವಾಗಿ ಕೇಳಿಸುವುದು. ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಸಾಗಿಸುವ ಅಳತೆಗಳ ಗಂಟಿಗೆ ಬಫರ್ ಎನ್ನುತ್ತಾರೆ. ಬಫರ್ 1024 ಇದ್ದರೆ 44,100ರ ರೇಟ್‌ನಲ್ಲಿ ಒಂದು ಕಡೆಗೇ ಸುಮಾರು 23 ಮಿಲಿಸೆಕೆಂಡ್ ಆಗುತ್ತದೆ. ಹೋಗಿ ಬರುವಷ್ಟರಲ್ಲಿ ಅದು ಇಮ್ಮಡಿಯಾಗಿ, ತಾಳ ಹಿಡಿದು ಹಾಡುವವರ ಲಯವೇ ಜಾರುತ್ತದೆ. ಬಫರ್ ಇಳಿಸಿ ಎಂದು ಎಲ್ಲರೂ ಹೇಳುತ್ತಾರೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅತಿಯಾಗಿ ಇಳಿಸಿದರೆ ಚಟಪಟ ಸದ್ದು ಶುರುವಾಗಿ ಒಳ್ಳೆಯ ಹಾಡು ಹಾಳಾಗುತ್ತದೆ. ಹಾಡನ್ನಷ್ಟೇ ರೆಕಾರ್ಡ್ ಮಾಡುವವರಿಗೆ ಆ ಪಾಡೇ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದರೆ ದನಿ ಕಂಪ್ಯೂಟರ್‌ಗೆ ಹೋಗಿ ಬರದೆ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಸಾಫ್ಟ್‌ವೇರ್‌ನ ಮಾನಿಟರಿಂಗ್ ಆಫ್ ಮಾಡುವುದನ್ನು ಮಾತ್ರ ಮರೆಯಬಾರದು, ಮರೆತರೆ ಎರಡೆರಡು ದನಿ ಕೇಳಿಸುತ್ತದೆ.

ಉಳಿದವು ಸಣ್ಣವು. ಕಂಡೆನ್ಸರ್ ಮೈಕಾದರೆ (ಹೊರಗಿನಿಂದ ವಿದ್ಯುತ್ ಬೇಕಾಗುವ ಮೈಕು) ಇಂಟರ್‌ಫೇಸ್‌ನ 48 ವೋಲ್ಟ್ ಗುಂಡಿ ಒತ್ತಿರಬೇಕು. ಹಾಡು ಎಡಗಿವಿಯಲ್ಲಷ್ಟೇ ಕೇಳಿದರೆ ಟ್ರ್ಯಾಕನ್ನು ಮೋನೊ ಮಾಡಬೇಕು. ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಬೇಕು. ಸದ್ದು ನಿಂತರೆ ಮೈಕಿನ ತಪ್ಪೇನೂ ಇಲ್ಲ.

ಎಪ್ಪತ್ತು ದಾಟಿದವರ ದನಿ ಕುಳಿತ ಮೊದಲ ಅರ್ಧ ಗಂಟೆ ಚೆನ್ನಾಗಿರುತ್ತದೆ, ಆಮೇಲೆ ದಣಿಯುತ್ತದೆ. ಆ ಅರ್ಧ ಗಂಟೆಯನ್ನು ನಾವು ವೈರು ಸಿಕ್ಕಿಸುವುದರಲ್ಲಿ, "ಇನ್ನೊಮ್ಮೆ ಹಾಡವ್ವ" ಎನ್ನುವುದರಲ್ಲಿ ಕಳೆಯುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಈಗ ನಾನು ಒಂದು ನಿಮಿಷ ಬರೀ ತಂಬೂರಿಯನ್ನು ರೆಕಾರ್ಡ್ ಮಾಡಿ, ಫೋನಿಗೆ ಹಾಕಿ, ಹಾರ್ಮೋನಿಯಂನ ಕಪ್ಪು ನಾಲ್ಕನ್ನು ಒತ್ತಿ ಹಿಡಿದು ಕೇಳುತ್ತೇನೆ. ಎರಡೂ ಕೂಡಿದ ಮೇಲೆಯೇ ಅವ್ವನನ್ನು ಕರೆಯುತ್ತೇನೆ.