ಅಕ್ರಮ ಸಂಖ್ಯೆಗಳ ಸಕ್ರಮಕ್ಕೆ ಅರ್ಜಿ ಆಹ್ವಾನ

ಅಕ್ರಮ ಬಡಾವಣೆ ಗೊತ್ತು, ಅಕ್ರಮ ಮರಳು ಗೊತ್ತು, ಅಕ್ರಮ ನಲ್ಲಿ ಸಂಪರ್ಕವಂತೂ ಬೀದಿಗೊಂದು. ಅಕ್ರಮ ಸಂಖ್ಯೆಯನ್ನು ಕಂಡಿದ್ದೀರಾ? ಒಂದು, ಎರಡು, ಮೂರು ಎಂದು ಶ್ರದ್ಧೆಯಿಂದ ಎಣಿಸುತ್ತಾ ಹೋದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ವಕೀಲರೊಬ್ಬರು ಅಡ್ಡ ನಿಂತು, ‘ಇದೊಂದನ್ನು ಬಾಯಿಬಿಟ್ಟು ಹೇಳಬೇಡಿ, ದಾಟಿ ಮುಂದಿನದಕ್ಕೆ ಹೋಗಿ’ ಎನ್ನುವಂಥ ಸಂಖ್ಯೆ. ಅಮೆರಿಕದಲ್ಲಿ ಅಂಥವು ಇವೆ. ಸೊನ್ನೆ ಕೊಟ್ಟ ನಾಡಿನವರೆಂದು ಬೀಗುವ ನಾವು ಒಂದು ಅಂಕಿಯ ಮೇಲಾದರೂ ದಾವೆ ಹೂಡಿದ್ದೇವೆಯೇ? ಅಷ್ಟು ದೂರದೃಷ್ಟಿ ನಮ್ಮ ಪೂರ್ವಜರಿಗೆ ಇರಲಿಲ್ಲ.

ಇದಕ್ಕೆಲ್ಲ ಮೂಲ ಡಿವಿಡಿ ಎಂಬ ಹೊಳೆಯುವ ಬಿಲ್ಲೆ. ಅದರೊಳಗೆ ಸಿನಿಮಾವನ್ನು ಇದ್ದ ಹಾಗೆ ತುಂಬದೆ ಸಿಎಸ್‌ಎಸ್ ಎಂಬ ಗೂಢಲಿಪಿಯಲ್ಲಿ ಕಲಸಿ ತುಂಬಿದ್ದರು. ಅದನ್ನು ಬಿಡಿಸುವ ಕೀಲಿ ಬೇಕಿದ್ದ ಪ್ಲೇಯರ್ ತಯಾರಕರು ಡಿವಿಡಿ ಕಾಪಿ ಕಂಟ್ರೋಲ್ ಅಸೋಸಿಯೇಷನ್ ಎಂಬ ಕೂಟಕ್ಕೆ ಹಣ ಕಟ್ಟಿ, ಲೈಸೆನ್ಸ್ ಪಡೆದು, ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಬರೆದುಕೊಡಬೇಕಿತ್ತು. ಕಳ್ಳರಿಂದ ಕಲೆಯನ್ನು ಕಾಪಾಡಲು ಈ ಏರ್ಪಾಡು ಎಂದು ಹೇಳಲಾಯಿತು. ನಿಜವಾದ ಕಳ್ಳ ಮಾತ್ರ ಇದನ್ನು ನೋಡಿ ನಕ್ಕಿರಬೇಕು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ನಕಲು ಒತ್ತುವವನು ಬೀಗ ಒಡೆಯುವ ಗೋಜಿಗೇ ಹೋಗುವುದಿಲ್ಲ. ಬೀಗ, ಕೀಲಿ, ಸಿನಿಮಾ ಎಲ್ಲವನ್ನೂ ಅಕ್ಷರಶಃ ಹಾಗೆಯೇ ಒತ್ತಿ ಮಾರುತ್ತಾನೆ, ಅಸಲು ಓಡುವ ಯಾವ ಪ್ಲೇಯರಿನಲ್ಲಾದರೂ ಅದು ಓಡುತ್ತದೆ. ಬೀಗ ಅಡ್ಡ ಬರುವುದು ಅಂಗಡಿಯಲ್ಲಿ ಹಣ ಕೊಟ್ಟು, ರಸೀದಿ ಪಡೆದು, ಮನೆಗೆ ತಂದವನಿಗೆ ಮಾತ್ರ.

ಆ ಗಿರಾಕಿಯ ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಿಲ್ಲೆ ಹಾಕುತ್ತಾನೆ. ಪರದೆಯ ಮೇಲೆ ಕೃತಿಸ್ವಾಮ್ಯದ ಉಲ್ಲಂಘನೆ ಘೋರ ಅಪರಾಧವೆಂಬ ಎಚ್ಚರಿಕೆ ಮೂಡುತ್ತದೆ. ಸಿನಿಮಾಕ್ಕೆ ಹಾರೋಣವೆಂದು ರಿಮೋಟ್ ಒತ್ತುತ್ತಾನೆ. ಮೂಲೆಯಲ್ಲಿ ಅಡ್ಡಗೆರೆ ಎಳೆದ ಒಂದು ವೃತ್ತ ಕಾಣಿಸಿಕೊಳ್ಳುತ್ತದೆ. ಮತ್ತೆ ಒತ್ತಿದರೆ ಮತ್ತೆ ಅದೇ ವೃತ್ತ. ಈ ಕ್ಷಣದಲ್ಲಿ ಆ ಗುಂಡಿ ಕೆಲಸ ಮಾಡಬಾರದು ಎಂದು ಬಿಲ್ಲೆಯಲ್ಲೇ ಬರೆದಿರುತ್ತದೆ, ಲೈಸೆನ್ಸ್ ಪಡೆದ ಪ್ಲೇಯರ್ ವಿನಯದಿಂದ ಪಾಲಿಸುತ್ತದೆ. ಕದಿಯಬೇಡ ಎಂಬ ಉಪದೇಶವನ್ನು ಕೈಕಟ್ಟಿ ಕೂತು ಪೂರ್ತಿ ಓದುವ ಭಾಗ್ಯ ಕೊಂಡವನದು. ಬೀಗ ಒಡೆದು ಫುಟ್‌ಪಾತಿನಲ್ಲಿ ಮಾರುವ ನಕಲಿನಲ್ಲಾದರೆ ಈ ಪ್ರವಚನವನ್ನು ಕತ್ತರಿಸಿರುತ್ತಾರೆ, ನೇರವಾಗಿ ಟೈಟಲ್ ಕಾರ್ಡು.

ಇದರ ಮೇಲೆ ವಲಯ ಪದ್ಧತಿ. ಭೂಗೋಳವನ್ನು ಆರು ವಲಯಗಳಾಗಿ ಹಂಚಿ ಅಮೆರಿಕ, ಕೆನಡಾಗಳಿಗೆ ಒಂದನೆಯದನ್ನೂ, ಭಾರತವನ್ನು ರಷ್ಯಾ ಮತ್ತು ಆಫ್ರಿಕಾದ ಹೆಚ್ಚಿನ ಭಾಗದೊಂದಿಗೆ ಸೇರಿಸಿ ಐದನೆಯದನ್ನೂ ಕೊಟ್ಟರು. ವೈಟುಕೆ ಕಾಲದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಂದ ಬೆಂಗಳೂರಿನ ಎಂಜಿನಿಯರುಗಳು ಅಲ್ಲಿ ಡಾಲರ್ ಸುರಿದು ಕೊಂಡ ಬಿಲ್ಲೆಗಳು ಇಲ್ಲಿಯ ಪ್ಲೇಯರಿನ ಮುಂದೆ ವೀಸಾ ಇಲ್ಲದೆ ನಿಂತವು. ಕಂಪ್ಯೂಟರಿನ ಡ್ರೈವ್‌ನಲ್ಲಿ ವಲಯ ಬದಲಿಸಿಕೊಳ್ಳುವ ಅವಕಾಶವೇನೋ ಇತ್ತು, ಆದರೆ ಐದೇ ಸಲ. ಐದನೆಯ ಬದಲಾವಣೆಯ ಹೊತ್ತಿಗೆ ನೀವು ಎಲ್ಲಿದ್ದಿರೋ ಅದೇ ನಿಮ್ಮ ಕೊನೆಯ ಊರು.

ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಬಳಸುವವರ ಕಷ್ಟ ಇನ್ನೊಂದು ಬಗೆಯದು. ಗುಟ್ಟು ಕಾಯುವುದು ಡಿವಿಡಿ ಲೈಸೆನ್ಸಿನ ಷರತ್ತು. ಒಳಗಿನದನ್ನೆಲ್ಲ ತೆರೆದು ತೋರಿಸಬೇಕೆನ್ನುವುದು ಅವರ ಸಾಫ್ಟ್‌ವೇರ್ ಲೈಸೆನ್ಸಿನ ಷರತ್ತು. ಎರಡಕ್ಕೂ ಜಾತಕ ಕೂಡಲಿಲ್ಲ. ಇತ್ತ ಕ್ಸಿಂಗ್ ಎಂಬ ಕಂಪನಿಯ ಪ್ಲೇಯರಿನಲ್ಲಿ ಕೀಲಿಯನ್ನು ಸರಿಯಾಗಿ ಮರೆಮಾಡಿರಲಿಲ್ಲ. ಸಿಎಸ್‌ಎಸ್‌ನ ಕೀಲಿಯೋ ಬರೀ 40 ಬಿಟ್‌ಗಳದು, ಆ ಕಾಲಕ್ಕೂ ಅದು ಕಬ್ಬಿಣದ ಬಾಗಿಲೇನಲ್ಲ. 1999ರ ಅಕ್ಟೋಬರಿನಲ್ಲಿ ಸಿಎಸ್‌ಎಸ್ ಬೀಗವನ್ನು ತೆಗೆಯುವ ಡಿಸಿಎಸ್‌ಎಸ್ ಎಂಬ ಪುಟ್ಟ ಪ್ರೋಗ್ರಾಂ ಹೊರಬಿತ್ತು. ಹೊರತಂದವನು ನಾರ್ವೆಯ ಜಾನ್ ಲೆಕ್ ಜೋಹಾನ್ಸೆನ್. ವಯಸ್ಸು 15. ಹೆಸರು ಹೇಳಿಕೊಳ್ಳದ ಇಬ್ಬರು ಜೊತೆಗಾರರೂ ಇದ್ದರು. ಬುದ್ಧಿವಂತರು, ಹೆಸರು ಹೇಳಲಿಲ್ಲ. 2000ದ ಜನವರಿಯಲ್ಲಿ ಆರ್ಥಿಕ ಅಪರಾಧಗಳ ವಿಶೇಷ ದಳದವರು ಹುಡುಗನ ಮನೆಗೆ ಬಂದು ಕಂಪ್ಯೂಟರುಗಳ ಜೊತೆಗೆ ಮೊಬೈಲನ್ನೂ ಹೊತ್ತೊಯ್ದರು. ಆರೋಪವೇನೆಂದರೆ ತಾನೇ ಕೊಂಡ ಡಿವಿಡಿಯ ಬೀಗವನ್ನು ತಾನೇ ತೆಗೆದದ್ದು. ಅದು ತಪ್ಪಲ್ಲವೆಂದು ನ್ಯಾಯಾಲಯ 2003ರ ಜನವರಿಯಲ್ಲಿ ಹೇಳಿತು. ಸರ್ಕಾರಿ ವಕೀಲರಿಗೆ ಸಮಾಧಾನವಾಗದೆ ಮೇಲ್ಮನವಿ ಹೋದರು. ಡಿಸೆಂಬರಿನಲ್ಲಿ ಮತ್ತೊಮ್ಮೆ ಅದೇ ಮಾತನ್ನು ಕೇಳಿಸಿಕೊಂಡು ಬಂದರು.

ಅಮೆರಿಕದಲ್ಲಿ ಅಷ್ಟು ಸುಲಭವಿರಲಿಲ್ಲ. ಅಲ್ಲಿ 1998ರಲ್ಲೇ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯ್ದೆ ಬಂದಿತ್ತು. ನೀವು ಏನನ್ನಾದರೂ ಕದ್ದಿರೋ ಇಲ್ಲವೋ ಎಂಬ ಕ್ಷುಲ್ಲಕ ವಿಚಾರಕ್ಕೆ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಬೀಗ ತೆಗೆದದ್ದೇ ಅಪರಾಧ, ತೆಗೆಯುವ ಸಲಕರಣೆ ಹಂಚಿದ್ದೂ ಅಪರಾಧ. (ನಮ್ಮ ಸಂಸತ್ತು 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಮು ಸೇರಿಸುವಾಗ, ಬೀಗ ತೆಗೆದದ್ದು ಅಪರಾಧವಾಗಲು ಹಕ್ಕು ಉಲ್ಲಂಘಿಸುವ ಉದ್ದೇಶ ಇರಬೇಕೆಂದು ಬರೆಯಿತು. ಹೊಗಳುವ ಸಂದರ್ಭ ಅಪರೂಪವಾದ್ದರಿಂದ ಇಲ್ಲೇ ಹೊಗಳಿಬಿಡುತ್ತೇನೆ.) ಸ್ಟುಡಿಯೋಗಳು ನ್ಯೂಯಾರ್ಕಿನಲ್ಲಿ ‘2600’ ಎಂಬ ಹ್ಯಾಕರ್ ಪತ್ರಿಕೆಯ ಮೇಲೆ ದಾವೆ ಹೂಡಿದವು. 2000ದ ಆಗಸ್ಟಿನಲ್ಲಿ ನ್ಯಾಯಾಧೀಶ ಲೂಯಿಸ್ ಕ್ಯಾಪ್ಲಾನ್ ತೀರ್ಪು ಕೊಟ್ಟರು: ಪ್ರೋಗ್ರಾಂ ಹಾಕಕೂಡದು, ಹಾಕಿರುವ ಜಾಗಕ್ಕೆ ಲಿಂಕ್ ಕೂಡ ಕೊಡಕೂಡದು. ಸಾರಾಯಿ ಅಂಗಡಿ ಎಲ್ಲಿ ಎಂದು ಕೇಳಿದವನಿಗೆ ಬೆರಳು ತೋರಿಸಿದವನನ್ನೂ ಕುಡುಕರ ಪಟ್ಟಿಗೆ ಸೇರಿಸಿದ ಹಾಗೆ.

ಕ್ಯಾಲಿಫೋರ್ನಿಯಾದ ಮೊಕದ್ದಮೆ ಇನ್ನೂ ಸೊಗಸಾದದ್ದು. ಅಲ್ಲಿ ಡಿವಿಡಿ ಕೂಟದ ವಾದವೆಂದರೆ, ಇದು ನಮ್ಮ ವ್ಯಾಪಾರ ರಹಸ್ಯ, ಇದನ್ನು ಯಾರೂ ಹರಡಬಾರದು ಎನ್ನುವುದು. ರಹಸ್ಯ ಯಾವುದು ಎಂದು ತೋರಿಸಬೇಕಲ್ಲ? ದಾಖಲೆಗಳ ಜೊತೆ ಆ ಕೋಡನ್ನೇ ಲಗತ್ತಿಸಿದರು. ಮುದ್ರೆ ಹಾಕಿಸಿ ಮುಚ್ಚಿಡಲು ಮರೆತರು. ನ್ಯಾಯಾಲಯದ ಕಡತ ಸಾರ್ವಜನಿಕ ದಾಖಲೆ. ಯಾರು ಕೇಳಿದರೂ ನಕಲು ಸಿಗುತ್ತದೆ. ಜಗತ್ತಿನ ಹುಡುಗರು ಕದ್ದುಮುಚ್ಚಿ ಹಂಚುತ್ತಿದ್ದುದನ್ನು ಫಿರ್ಯಾದುದಾರರೇ ಸರ್ಕಾರಿ ಕಡತದಲ್ಲಿ ಪ್ರಕಟಿಸಿ, ಆಮೇಲೆ ಎಚ್ಚೆತ್ತು, ‘ಸ್ವಾಮಿ, ಅದನ್ನು ಮುಚ್ಚಿಟ್ಟುಬಿಡಿ’ ಎಂದು ಓಡಿಬಂದರು.

ಇಷ್ಟಾದ ಮೇಲೆ ಗೀಕ್ ಎಂದು ಕರೆಸಿಕೊಳ್ಳುವ ಆ ಸಂತತಿ ಸುಮ್ಮನಿರುತ್ತದೆಯೇ? ಅವರಿಗೆ ಸಿನಿಮಾ ನೋಡುವ ಚಪಲಕ್ಕಿಂತ ನಿಯಮದ ಸಂದು ಹುಡುಕುವ ಚಪಲ ದೊಡ್ಡದು. ಅಭ್ಯಾಸವೂ ಇತ್ತು: ಪಿಜಿಪಿ ಎಂಬ ಗೂಢಲಿಪಿ ಸಾಫ್ಟ್‌ವೇರನ್ನು ವಿದೇಶಕ್ಕೆ ಕಳಿಸಿದರೆ ಶಸ್ತ್ರಾಸ್ತ್ರ ರಫ್ತಿಗೆ ಸಮ ಎಂದು ಅಮೆರಿಕ ಸರ್ಕಾರ ಹೇಳುತ್ತಿದ್ದ ಕಾಲದಲ್ಲಿ, 1995ರಲ್ಲಿ, ಅದರ ಕೋಡನ್ನು ಎಂಐಟಿ ಪ್ರೆಸ್ ಪುಸ್ತಕವಾಗಿಯೇ ಅಚ್ಚು ಹಾಕಿತ್ತು. ಪುಸ್ತಕ ವಾಕ್ ಸ್ವಾತಂತ್ರ್ಯದ ಲೆಕ್ಕಕ್ಕೆ ಬರುತ್ತದೆ, ಫ್ಲಾಪಿ ಬಾಂಬಿನ ಲೆಕ್ಕಕ್ಕೆ. ಈಗ ಡಿಸಿಎಸ್‌ಎಸ್‌ನ ಸರದಿ. ಕೋಡನ್ನು ಟಿ-ಶರ್ಟಿನ ಮೇಲೆ ಅಚ್ಚು ಹಾಕಿಸಿದರು. ಮಾರಿದ ಕಂಪನಿಯನ್ನೂ ಪ್ರತಿವಾದಿಗಳ ಸಾಲಿಗೆ ಸೇರಿಸಲಾಯಿತು. ಅದೇ ಹೆಸರಿನ, ಆದರೆ ಡಿವಿಡಿಗೂ ತನಗೂ ಯಾವ ಸಂಬಂಧವೂ ಇಲ್ಲದ ಇನ್ನೊಂದು ಪ್ರೋಗ್ರಾಂ ಬರೆದು ಎಲ್ಲೆಡೆ ಹಂಚಿದರು, ವಕೀಲರು ಸುಮ್ಮನೆ ಬೇಟೆಯಾಡಿಕೊಂಡಿರಲಿ ಎಂದು. ಸೆತ್ ಶೋನ್ ಎಂಬಾತ ಇಡೀ ಕೋಡನ್ನು 400ಕ್ಕೂ ಹೆಚ್ಚು ಹಾಯ್ಕುಗಳಲ್ಲಿ ಬರೆದ, ಒಂದೊಂದಕ್ಕೂ ಐದು, ಏಳು, ಐದು ಉಚ್ಚಾರಾಂಶಗಳ ಲೆಕ್ಕ ತಪ್ಪದಂತೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇವಿಡ್ ಟುರೆಟ್ಸ್ಕಿ ಇಂಥವನ್ನೆಲ್ಲ ಕಲೆಹಾಕಿ ಪ್ರದರ್ಶನಕ್ಕಿಟ್ಟರು. ಇದರಲ್ಲಿ ಯಾವುದು ಕವಿತೆ, ಯಾವುದು ಕಳ್ಳಕೀಲಿ, ಗೆರೆ ಎಲ್ಲಿ ಎಳೆಯುತ್ತೀರಿ ಎನ್ನುವುದು ಅವರ ಪ್ರಶ್ನೆ.

ಮುಕುಟಮಣಿ ಬಂದದ್ದು 2001ರಲ್ಲಿ. ಕಂಪ್ಯೂಟರಿನೊಳಗೆ ಯಾವ ಕಡತವೂ ಕೊನೆಗೆ ಒಂದು ದೊಡ್ಡ ಸಂಖ್ಯೆಯೇ. ಫಿಲ್ ಕಾರ್ಮೊಡಿ ಎಂಬ ಗಣಿತದ ಹುಚ್ಚ ಡಿಸಿಎಸ್‌ಎಸ್‌ನ ಕೋಡನ್ನು ಕಡತ ಕುಗ್ಗಿಸುವ ಜಿಜಿಪ್ ಎಂಬ ಪ್ರೋಗ್ರಾಂನಲ್ಲಿ ಅದುಮಿ, ಅದನ್ನೊಂದು ಸಂಖ್ಯೆಯೆಂದು ಓದಿಕೊಂಡ. ಕಡತದ ಬಾಲಕ್ಕೆ ಒಂದಿಷ್ಟು ಕಸ ಅಂಟಿಸಿದರೂ ಜಿಜಿಪ್ ಅದನ್ನು ಲೆಕ್ಕಿಸದೆ ಕೋಡನ್ನು ಸರಿಯಾಗಿಯೇ ಬಿಡಿಸುತ್ತದೆ. ಆ ಕಸವನ್ನು ಬದಲಿಸುತ್ತಾ ಹೋಗಿ, ಸಂಖ್ಯೆ ಅವಿಭಾಜ್ಯವಾಗುವ ತನಕ ಬಿಡಲಿಲ್ಲ. 1401 ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆ ಸಿಕ್ಕಿತು. ಅಷ್ಟಕ್ಕೂ ತೃಪ್ತಿಯಿಲ್ಲದೆ 1905 ಅಂಕಿಗಳ ಮತ್ತೊಂದನ್ನು ಹಿಡಿದ. ಅದು ಎಷ್ಟು ದೊಡ್ಡದೆಂದರೆ, ಒಂದು ನಿರ್ದಿಷ್ಟ ವಿಧಾನದಿಂದ ಸಾಬೀತಾದ ಅತಿ ದೊಡ್ಡ ಅವಿಭಾಜ್ಯಗಳ ಪಟ್ಟಿಯಲ್ಲಿ ತನ್ನ ಯೋಗ್ಯತೆಯಿಂದಲೇ ಜಾಗ ಗಿಟ್ಟಿಸಿತು. ಈಗ ಗಣಿತಜ್ಞರು ತಮ್ಮ ಪಟ್ಟಿಯಿಂದ ಅದನ್ನು ತೆಗೆಯಬೇಕೇ? ಈ ಸಂಖ್ಯೆ ಅಕ್ರಮವೆಂದು ಯಾವ ನ್ಯಾಯಾಲಯವೂ ಬಾಯಿಬಿಟ್ಟು ಹೇಳಲಿಲ್ಲ, ನಿಜ. ಆದರೆ ಕೋಡ್ ಅಕ್ರಮ, ಅದನ್ನು ಅದುಮಿದ ಕಡತವೂ ಅಕ್ರಮ, ಕಡತವೆಂದರೆ ಸಂಖ್ಯೆ ಎಂದಾದ ಮೇಲೆ ಉಳಿದದ್ದನ್ನು ಹೇಳಲು ನ್ಯಾಯಾಧೀಶರೇ ಬೇಕೇ? ಕಸಕ್ಕೆ ಮಿತಿಯಿಲ್ಲವಾದ್ದರಿಂದ ಇಂಥ ಆರೋಪಿಗಳ ಸಂಖ್ಯೆ ಅನಂತ. ಅಷ್ಟು ಸಮನ್ಸ್ ಜಾರಿ ಮಾಡುವ ಅಮೀನರು ಯಾವ ನ್ಯಾಯಾಲಯದಲ್ಲೂ ಇಲ್ಲ.

ಇಂಥ ಹೊತ್ತಿನಲ್ಲಿ ಕರ್ನಾಟಕದ ಅನುಭವ ಜಗತ್ತಿಗೆ ದಾರಿದೀಪವಾಗಬಲ್ಲದು. ಅಕ್ರಮವಾಗಿ ತಲೆಯೆತ್ತಿದ್ದನ್ನು ಕೆಡವಲಾಗದಿದ್ದರೆ ಏನು ಮಾಡಬೇಕೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಅಕ್ರಮ-ಸಕ್ರಮ. ನಮೂನೆ ತುಂಬಿ, ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ, ದಂಡ ಕಟ್ಟಿ, ಸಂಖ್ಯೆಗೊಂದು ಖಾತೆ ಮಾಡಿಸಿಕೊಂಡರಾಯಿತು. ಒಂದೆರಡು ತಾಂತ್ರಿಕ ತೊಡಕುಗಳಿವೆ, ಒಪ್ಪುತ್ತೇನೆ. ಅಕ್ಕಪಕ್ಕದ ಸಂಖ್ಯೆಗಳಿಂದ ಬಿಡಬೇಕಾದ ಸೆಟ್‌ಬ್ಯಾಕ್ ಬಿಟ್ಟಿಲ್ಲ. ಎರಡೂ ಬದಿಯಲ್ಲಿ ಬರೀ ಒಂದರ ಅಂತರ. ಅದಕ್ಕೆ ಹೆಚ್ಚುವರಿ ದಂಡ ಹಾಕಬಹುದು. ಒಂದು ಅನುಕೂಲವೂ ಇದೆ: ಅವಿಭಾಜ್ಯವಾದ್ದರಿಂದ ಅಣ್ಣತಮ್ಮಂದಿರ ಪಾಲುಪಟ್ಟಿಯ ತಕರಾರು ಬರುವುದಿಲ್ಲ. ದೊಡ್ಡ ತಲೆನೋವು ಪೈ. ಅದರ ದಶಮಾಂಶ ಅಂಕಿಗಳ ಸಾಲಿನಲ್ಲಿ ಎಲ್ಲ ಸಂಖ್ಯೆಗಳೂ ಎಲ್ಲೋ ಒಂದು ಕಡೆ ಅಡಗಿರಬೇಕೆಂದು ಗಣಿತಜ್ಞರಿಗೆ ಗುಮಾನಿಯಿದೆ, ಇನ್ನೂ ಸಾಬೀತಾಗಿಲ್ಲ. ಸಾಬೀತಾದ ದಿನ ಮಕ್ಕಳ ಜಾಮಿಟ್ರಿ ಬಾಕ್ಸಿನಿಂದ ಕೈವಾರಗಳನ್ನು ಜಫ್ತಿ ಮಾಡಬೇಕಾಗುತ್ತದೆ.

ಇಷ್ಟೆಲ್ಲ ನಡೆದರೂ ಸ್ಟುಡಿಯೋಗಳಿಗೆ ಬುದ್ಧಿ ಬಂತೆಂದು ತಿಳಿದರೆ ತಪ್ಪು. ಮುಂದಿನ ತಲೆಮಾರಿನ ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ ಬಿಲ್ಲೆಗಳಿಗೆ ಎಎಸಿಎಸ್ ಎಂಬ ಹೊಸ ಬೀಗ ಹಾಕಿದರು. ಈ ಸಲ ಕೀಲಿ 128 ಬಿಟ್, ಅಂದರೆ ಬರೀ 16 ಬೈಟ್. ಬಸ್ ಟಿಕೆಟಿನ ಹಿಂಬದಿಯಲ್ಲಿ ಬರೆದುಕೊಳ್ಳುವಷ್ಟು. 2007ರ ಫೆಬ್ರವರಿಯಲ್ಲಿ ಅದು ಹೊರಬಿತ್ತು. ಬಿದ್ದಾಗ ಗಮನಿಸಿದವರು ಬೆರಳೆಣಿಕೆಯಷ್ಟು ಜನ. ಏಪ್ರಿಲ್‌ನಲ್ಲಿ ಬೀಗದ ಒಡೆಯರು ‘ಆ ಸಂಖ್ಯೆಯನ್ನು ಅಳಿಸಿ’ ಎಂದು ನೋಟಿಸುಗಳನ್ನು ಕಳಿಸತೊಡಗಿದರು. ಮುಗಿಯಿತು. ಡಿಗ್ ಎಂಬ ಜನಪ್ರಿಯ ಸುದ್ದಿತಾಣ ನೋಟಿಸಿಗೆ ಬೆದರಿ ಅಳಿಸಲು ಹೋದಾಗ, ಮೇ 1ರಂದು ಅದರ ಓದುಗರೇ ದಂಗೆಯೆದ್ದರು. ಮುಖಪುಟದ ತುಂಬ ಅದೊಂದೇ ಸಂಖ್ಯೆ. ರಾತ್ರಿಯ ಹೊತ್ತಿಗೆ ತಾಣದ ಸಂಸ್ಥಾಪಕ ಕೆವಿನ್ ರೋಸ್ ಕೈಚೆಲ್ಲಿ, ತಮ್ಮ ಬರಹದ ತಲೆಬರಹದಲ್ಲೇ ಸಂಖ್ಯೆಯನ್ನು ಬರೆದು ಓದುಗರ ಕಡೆ ಸೇರಿದರು. ಜಾನ್ ಮಾರ್ಕಾಟ್ ಎಂಬಾತ ಅದರ 15 ಬೈಟ್‌ಗಳನ್ನು ಮೂರು ಮೂರರಂತೆ ಬಣ್ಣಗಳೆಂದು ಓದಿ ಐದು ಪಟ್ಟೆಗಳ ಬಾವುಟ ಮಾಡಿದ. ಉಳಿದೊಂದು ಬೈಟನ್ನು ಮೂಲೆಯಲ್ಲಿ ಬರೆದ. ಇನ್ನೊಬ್ಬರು ಗಿಟಾರ್ ಹಿಡಿದು ಹಾಡಿಯೇ ಬಿಟ್ಟರು. ಹಾಡಿನೊಳಗೆ ಸಂಖ್ಯೆ ಬಚ್ಚಿಡುವುದನ್ನು ಕಂಡು ಅಲ್ಲಿಯವರು ಬೆರಗಾದರಂತೆ. ಮೇಚಕಲ್ಯಾಣಿ ರಾಗದ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ, ಅಕ್ಷರಗಳನ್ನು ಅಂಕಿಗಳಾಗಿ ಓದುವ ಕಟಪಯಾದಿಯ ಪ್ರಕಾರ, 65ನೆಯ ಮೇಳವನ್ನು ಅಡಗಿಸಿಟ್ಟುಕೊಂಡು ಓಡಾಡುವ ನಮ್ಮ ಸಂಗೀತದ ಮೇಷ್ಟ್ರುಗಳು ಅಮೆರಿಕದಲ್ಲಿದ್ದಿದ್ದರೆ ಕಛೇರಿಗೆ ಮೊದಲು ನಿರೀಕ್ಷಣಾ ಜಾಮೀನು ಪಡೆಯಬೇಕಾಗುತ್ತಿತ್ತು.

ಕೀಲಿಯನ್ನು ರದ್ದು ಮಾಡಿ ಹೊಸದನ್ನು ತಂದರು. ಅದೂ ಮೇ ತಿಂಗಳಲ್ಲೇ ಬಯಲಾಯಿತು. ಮರುವರ್ಷದ ಫೆಬ್ರವರಿಯಲ್ಲಿ ತೋಷಿಬಾ ಕಂಪನಿ ಎಚ್‌ಡಿ ಡಿವಿಡಿಯನ್ನೇ ಕೈಬಿಟ್ಟಿತು.

ಆ ಮೇ ತಿಂಗಳಲ್ಲಿ ಅತ್ಯಂತ ಸಮಂಜಸವಾಗಿ ನಡೆದುಕೊಂಡವರು ಆಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಡ್ ಫೆಲ್ಟನ್. ಒಂದು ಕೂಟ ಒಂದು ಸಂಖ್ಯೆಗೆ ಒಡೆಯನಾಗಬಹುದಾದರೆ ಉಳಿದವರೇನು ಪಾಪ ಮಾಡಿದ್ದಾರೆ ಎಂದು, ಕೇಳಿದವರಿಗೆಲ್ಲ 128 ಬಿಟ್‌ನ ಒಂದೊಂದು ಹೊಸ ಸಂಖ್ಯೆಯನ್ನು ಪುಕ್ಕಟೆ ಹಂಚಿದರು. ವಿಧಾನ ಸರಳ: ಕಂಪ್ಯೂಟರ್ ಯಾದೃಚ್ಛಿಕವಾಗಿ ಸಂಖ್ಯೆಯೊಂದನ್ನು ಆರಿಸುತ್ತದೆ, ಅದನ್ನೇ ಕೀಲಿಯಾಗಿಸಿ ಫೆಲ್ಟನ್ ಬರೆದ ಹಾಯ್ಕು ಒಂದನ್ನು ಗೂಢಲಿಪಿಗಿಳಿಸುತ್ತದೆ. ಅಲ್ಲಿಂದ ಮುಂದೆ ಆ ಸಂಖ್ಯೆ ಕೃತಿಸ್ವಾಮ್ಯವಿರುವ ಕೃತಿಯೊಂದರ ಬೀಗದ ಕೀಲಿ. ಡಿಎಂಸಿಎಯ ಕೃಪೆ ಅದಕ್ಕೂ ಸಲ್ಲಬೇಕು. ಇಂಥ ಸಂಖ್ಯೆಗಳು ಒಟ್ಟು 39 ಅಂಕಿಗಳಷ್ಟು ದೊಡ್ಡ ಮೊತ್ತದಲ್ಲಿವೆ, ಬಿಡಿಎ ನಿವೇಶನದಂತೆ ಹಿರಿತನದ ಪಟ್ಟಿಯಲ್ಲಿ ಕಾಯಬೇಕಿಲ್ಲ.

ನಾಣ್ಯವೊಂದನ್ನು 128 ಸಲ ಚಿಮ್ಮಿ ನಾನೂ ಒಂದನ್ನು ಮಾಡಿಕೊಂಡಿದ್ದೇನೆ. ಅದರಿಂದ ನನ್ನದೇ ಒಂದು ಚುಟುಕಕ್ಕೆ ಬೀಗ ಹಾಕಿಟ್ಟಿದ್ದೇನೆ. ಸಂಖ್ಯೆ ಯಾವುದೆಂದು ಇಲ್ಲಿ ಬರೆಯುವಂತಿಲ್ಲ, ಕಾರಣ ನಿಮಗೆ ಗೊತ್ತು. ಒಂದರಿಂದ ಶುರುಮಾಡಿ ಎಣಿಸುತ್ತಾ ಹೋಗುವ ಓದುಗರು ಅದರ ಹಿಂದಿನ ಸಂಖ್ಯೆಯವರೆಗೆ ಧಾರಾಳವಾಗಿ ಬರಬಹುದು. ಅಲ್ಲಿ ನಿಂತು, ಲಿಖಿತ ಅನುಮತಿ ಪಡೆದು, ಶುಲ್ಕ ಕಟ್ಟಿ ಮುಂದುವರಿಯತಕ್ಕದ್ದು.