ಗೋಲ್ಡನ್ ಗ್ಲೋಬಿನ ನಗೆಹಬ್ಬ

ನಮ್ಮ ಕಡೆ ದೆವ್ವಕ್ಕೊಂದು ಯೂನಿಫಾರ್ಮ್ ಉಂಟು. ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ. ಅದು ಬಂದರೆ ನನಗೆ ಆಕಳಿಕೆ ಬರುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಒಂದು ಟೀ ಚಮಚ.

ಅಮೆರಿಕದ ನಿರ್ದೇಶಕ ಜೋರ್ಡನ್ ಪೀಲ್ ಅವರ 2017ರ ಹಾರರ್ ಸಿನಿಮಾ 'ಗೆಟ್ ಔಟ್'ನಲ್ಲಿ ಪ್ರೇಯಸಿಯ ಮನೆಗೆ ಬಂದ ಕಪ್ಪು ಹುಡುಗನನ್ನು ಅವಳ ತಾಯಿ ರಾತ್ರಿ ಹೊತ್ತು ಎದುರಿಗೆ ಕೂರಿಸಿಕೊಳ್ಳುತ್ತಾಳೆ. ಸಿಗರೇಟು ಬಿಡಿಸುವ ನೆಪ. ಮಾತಾಡುತ್ತಾ ಟೀ ಕಪ್ಪಿನೊಳಗೆ ಚಮಚ ತಿರುಗಿಸುತ್ತಾಳೆ, ಕಿಣಿ ಕಿಣಿ. ಹುಡುಗನ ಕಣ್ಣಲ್ಲಿ ನೀರು ಸುರಿಯುತ್ತದೆ, ಕೈಕಾಲು ಆಡುವುದಿಲ್ಲ, ಕೂತ ಕುರ್ಚಿಯಿಂದಲೇ ಪಾತಾಳಕ್ಕೆ ಇಳಿಯುತ್ತಾನೆ.

ಹಾಗೆಂದು ಆ ಮನೆಯವರು ಒರಟರಲ್ಲ. ಮಾವನಾಗಬೇಕಾದವರು ಮಿದುಳಿನ ಡಾಕ್ಟರು. ಆಗುವುದಾದರೆ ಒಬಾಮಾಗೆ ಮೂರನೇ ಸಲವೂ ವೋಟು ಹಾಕುತ್ತಿದ್ದೆ ಎನ್ನುವ ಉದಾರಿ. ಪಾರ್ಟಿಗೆ ಬಂದವರು ಹುಡುಗನ ರಟ್ಟೆ ಹಿಚುಕಿ ನೋಡುತ್ತಾರೆ, ಜಾತ್ರೆಯಲ್ಲಿ ಹೋರಿಯ ಹಲ್ಲು ನೋಡಿದ ಹಾಗೆ. ಆಮೇಲೆ ತಂಬೋಲದಂಥ ಬಿಂಗೊ ಚೀಟಿ ಎತ್ತಿಹಿಡಿದು, ಬಾಯಿ ಬಿಡದೆ ಅವನನ್ನೇ ಹರಾಜು ಕೂಗುತ್ತಾರೆ. ಗೆದ್ದವನು ಕುರುಡ. ಅವನಿಗೆ ಬಣ್ಣದ ಭೇದವೇ ಇಲ್ಲ, ಪಾಪ. ಹುಡುಗನ ಕಣ್ಣು ಸಿಕ್ಕರೆ ಸಾಕು.

ಇಂಥದ್ದನ್ನು ಹಾಲಿವುಡ್‌ನ ಗೋಲ್ಡನ್ ಗ್ಲೋಬ್ ಪ್ರಶಸ್ತಿಯವರು ಪೈಪೋಟಿಗೆ ಇಳಿಸಿದ್ದು 'ಸಂಗೀತ ಅಥವಾ ಹಾಸ್ಯ' ವಿಭಾಗದಲ್ಲಿ. ಸಿನಿಮಾದವರೇ ಹಾಗೆ ಕಳಿಸಿದ್ದರು, ನಿಜ. ಆದರೆ ನೋಡಿ ಹೂಂ ಎಂದವರೂ ಇದ್ದಾರಲ್ಲ? ಕುಣಿಯೋ ಹಾಡಂತೂ ಇಲ್ಲ. ಅಂದರೆ ನಗುವೇ ಬಂದಿರಬೇಕು. 'ಗೆಟ್ ಔಟ್' ಸಾಕ್ಷ್ಯಚಿತ್ರ ಎಂದು ಪೀಲ್ ಟ್ವಿಟರ್‌ನಲ್ಲಿ ಒಂದು ಸಾಲು ಬರೆದರು.

ನಗು ಎಲ್ಲಿದೆಯೆಂದು ನಾನೂ ಇನ್ನೊಮ್ಮೆ ಹುಡುಕಿದೆ. ಕೊನೆಯಲ್ಲಿರಬಹುದೇ? ನಡುರಸ್ತೆಯಲ್ಲಿ ಗುಂಡು ತಿಂದು ಬಿದ್ದ ಬಿಳಿ ಹುಡುಗಿ, ಪಕ್ಕದಲ್ಲಿ ಇವನು, ಅಷ್ಟರಲ್ಲಿ ಪೊಲೀಸ್ ಕಾರಿನಂಥ ಕೆಂಪು-ನೀಲಿ ದೀಪ. ಬೇರೆ ಹಾರರ್ ಸಿನಿಮಾಗಳಲ್ಲಿ ಈ ದೀಪ ಕಂಡರೆ ನಾಯಕಿಗೆ ಯಾರೋ ಕಂಬಳಿ ಹೊದಿಸುತ್ತಾರೆ, ನಾವು ಸೀಟಿನಡಿ ಚಪ್ಪಲಿ ಹುಡುಕುತ್ತೇವೆ. ಇಲ್ಲಿ ಹುಡುಗ ಎರಡೂ ಕೈ ಮೇಲೆತ್ತುತ್ತಾನೆ. ಬಿಳಿಯರ ಸವಲತ್ತಿನ ಬಗ್ಗೆ ಅಮೆರಿಕದಲ್ಲಿ ಪುಸ್ತಕಗಟ್ಟಲೆ ಬರೆದಿದ್ದಾರೆ. ನನ್ನ ತಲೆಗೆ ಹೋದದ್ದು ಆ ಎರಡು ಕೈ ನೋಡಿದಾಗಲೇ.

ಪುಣ್ಯಕ್ಕೆ ಅದು ಏರ್‌ಪೋರ್ಟಿನ ಕಾರು, ಇಳಿದವನು ಗೆಳೆಯ. ಪೀಲ್ ಮೊದಲು ತೆಗೆದಿದ್ದ ಅಂತ್ಯದಲ್ಲಿ ಪೊಲೀಸರೇ ಬರುತ್ತಾರೆ, ಹುಡುಗ ಜೈಲಿಗೆ. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'ನ ನಾಯಕನಿಗೆ ಈ ರಿಯಾಯಿತಿಯೂ ಸಿಗಲಿಲ್ಲ. ರಾತ್ರಿಯಿಡೀ ಎದ್ದು ಬಂದ ಹೆಣಗಳ ಜೊತೆ ಹೊಡೆದಾಡಿ ಉಳಿದ ಕಪ್ಪು ಮನುಷ್ಯ ಬೆಳಗ್ಗೆ ಕಿಟಕಿಯ ಹತ್ತಿರ ಬಂದದ್ದೇ ತಡ, ಹೆಣ ಬೇಟೆಗೆ ಬಂದ ಊರಿನವರು ತಲೆಗೆ ಗುಂಡು ಹೊಡೆದರು. ಎಂಥ ಕಾಮಿಡಿ ಟೈಮಿಂಗ್!

2021ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ತಲೆ ಎಣಿಸಿತು. ಆಗ ಗ್ಲೋಬ್ ಕೊಡುತ್ತಿದ್ದ ಸಂಘದಲ್ಲಿ 87 ಸದಸ್ಯರು, ಕಪ್ಪುವರ್ಣೀಯರು ಒಬ್ಬರೂ ಇರಲಿಲ್ಲ. 'ಗೆಟ್ ಔಟ್' ಹಾಸ್ಯವಾದ ವರ್ಷ ಆ ಸಂಘದ ಅಧ್ಯಕ್ಷೆಯಾಗಿದ್ದವರು ಮುಂಬಯಿಯಲ್ಲಿ ಹುಟ್ಟಿದಾಕೆ, ಹಾಗಾಗಿ ಈ ನಗೆಹಬ್ಬದಲ್ಲಿ ನಮ್ಮ ದೇಶದ ಪಾಲೂ ಉಂಟು. ಹಿಂದಿನ ಸಾಲಿನಿಂದ ಎದ್ದು, "ಇದ್ರಲ್ಲಿ ನಗೋದೇನಿದೆ ಸ್ವಾಮಿ?" ಅಂತ ಕೇಳೋಕೆ ಒಬ್ಬ ಬೇಕಿತ್ತು.