ಮೂರೂವರೆಗೆ ಮುಖ ತೊಳೆದು ಕುಳಿತಿರಿ

ನಮ್ಮ ಮನೆಯ ಗೋಡೆಯಲ್ಲಿ ಎರಡು ಪಂಚಾಂಗಗಳಿವೆ. ಒಂದು ಅಮ್ಮನದು, ಒಂಟಿಕೊಪ್ಪಲ್. ಇನ್ನೊಂದು ನಾನೇ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದು: ಪ್ರತಿ ತಿಂಗಳ 7ಕ್ಕೆ ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಂಡ ತೆರಿಗೆ ಕಟ್ಟುವುದು; 11ಕ್ಕೆ ಜಿಎಸ್‌ಟಿಆರ್-1, ಮಾರಾಟದ ವಿವರ; 20ಕ್ಕೆ ಜಿಎಸ್‌ಟಿಆರ್-3ಬಿ, ತೆರಿಗೆ ಕಟ್ಟಿ ಸಲ್ಲಿಸುವ ರಿಟರ್ನು. ಹಗಲಿನಲ್ಲಿ ನಾನು ಕುಂದಲಹಳ್ಳಿ ಕಡೆಯ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೂರುತ್ತೇನೆ. ಬೆಂಗಳೂರು ಮಗ್ಗುಲು ಬದಲಿಸಿ ಮಲಗುವ ಹೊತ್ತಿಗೆ ಎದ್ದು ಮದುಮಗಳಿಗೆ ಮೇಕಪ್ ಮಾಡಲು ಹೊರಡುತ್ತೇನೆ. ಹಾಗಾಗಿ ಅಮ್ಮನ ಪಂಚಾಂಗದಲ್ಲಿ ಲಗ್ನ ಹುಡುಕುವುದು ಅಮ್ಮನಿಗಿಂತ ನಾನೇ ಹೆಚ್ಚು.

ವರ್ಷದ ಬಹುಪಾಲು ಎರಡೂ ಅನ್ಯೋನ್ಯವಾಗಿರುತ್ತವೆ. ಆಷಾಢದಲ್ಲಿ ಮದುವೆಯಿಲ್ಲ, ಜುಲೈ 31ರ ಗಡುವಿಗೆ ಮುಂಚೆ ನೆಂಟರಿಷ್ಟರ ಆದಾಯ ತೆರಿಗೆ ರಿಟರ್ನುಗಳನ್ನೆಲ್ಲ ಬಿಟ್ಟಿಯಾಗಿ ಮುಗಿಸಿಕೊಡಬಹುದು. ಧನುರ್ಮಾಸದಲ್ಲಿ ಮದುವೆಯಿಲ್ಲ, ಡಿಸೆಂಬರ್ 31ಕ್ಕೆ ಜಿಎಸ್‌ಟಿಯ ವಾರ್ಷಿಕ ರಿಟರ್ನು. ಇವನ್ನು ಬರೆದವರು ಒಂದೇ ಜಗಲಿಯಲ್ಲಿ ಕುಳಿತು ಮಾತಾಡಿಕೊಂಡಿರಬೇಕು. ಮೇ ತಿಂಗಳಲ್ಲಿ ಮಾತ್ರ ಯಾಕೋ ಮುನಿಸಿಕೊಂಡಿದ್ದಾರೆ.

ಅಮ್ಮನಿಗೆ ನನ್ನ ಎರಡನೆಯ ಕಸುಬಿನ ಬಗ್ಗೆ ಮೊದಲಿನಿಂದಲೂ ಒಂದು ಗೊಣಗಾಟ. "ಸಿಎ ಮಾಡು ಎಂದರೆ ಬಿಕಾಂಗೆ ನಿಲ್ಲಿಸಿದೆ. ಈಗ ಊರವರ ಮುಖಕ್ಕೆ ಬಣ್ಣ ಬಳಿಯುತ್ತೀಯಲ್ಲೇ! ಅದು ಗಂಡಸರ ಕೆಲಸ ಅಲ್ಲವೇನೇ? ಸಿನಿಮಾದಲ್ಲೆಲ್ಲ ಗಂಡಸರೇ ಮಾಡುವುದು" ಎನ್ನುತ್ತಾಳೆ. ಅವಳ ಮಾತು ಪೂರ್ತಿ ತಪ್ಪೂ ಅಲ್ಲ. ಹಿಂದಿ ಚಿತ್ರರಂಗದ ಸಂಘ ಹೆಂಗಸರಿಗೆ ಕೂದಲು ಬಾಚುವ ಕಾರ್ಡು ಕೊಡುತ್ತಿತ್ತೇ ಹೊರತು ಮೇಕಪ್ ಮಾಡುವ ಕಾರ್ಡು ಕೊಡುತ್ತಿರಲಿಲ್ಲ. ತಲೆ ಮುಟ್ಟಬಹುದು, ಮುಖ ಮುಟ್ಟುವಂತಿಲ್ಲ! ಅದನ್ನು ಬಿಡಿಸಲು 2014ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಡಬೇಕಾಯಿತು. ಇದನ್ನೆಲ್ಲ ವಿವರಿಸಿ, 1952ರಲ್ಲಿ ಶುರುವಾದ ಲ್ಯಾಕ್ಮೆಯ ಹೆಸರು ನಮ್ಮ ಲಕ್ಷ್ಮಿಯ ಫ್ರೆಂಚ್ ಉಚ್ಚಾರ ಎಂದೂ ಒಮ್ಮೆ ಹೇಳಿದೆ. ಅಮ್ಮ ನನ್ನ ಪೆಟ್ಟಿಗೆಯ ಕಡೆ ನೋಡಿ, "ಅದೇ ಮತ್ತೆ, ಸಂಬಳ ಬಂದಾಗ ಲಕ್ಷ್ಮಿ, ಖರ್ಚಾಗುವಾಗ ಲ್ಯಾಕ್ಮೆ" ಎಂದಳು.

ಕಚೇರಿಯ ಕಡೆಯಿಂದ ನಾನು ಕಳ್ಳಿಯಲ್ಲ. 2022ರಲ್ಲಿ ಐಟಿ ವಲಯದಲ್ಲಿ 'ಮೂನ್‌ಲೈಟಿಂಗ್' ಎಂದು ಗುಲ್ಲೆದ್ದಾಗ ನನ್ನ ಎದೆ ಢವಢವ ಎಂದಿತ್ತು. ಬೇರೆಯವರು ಮನೆಯ ಟ್ಯೂಬ್‌ಲೈಟಿನ ಕೆಳಗೆ ಎರಡನೆಯ ಕೆಲಸ ಮಾಡುತ್ತಿದ್ದರೆ ನಾನು ನಿಜವಾಗಿಯೂ ಬೆಳದಿಂಗಳಲ್ಲೇ ಹೊರಡುತ್ತಿದ್ದವಳು. ಮಾನವ ಸಂಪನ್ಮೂಲ ವಿಭಾಗಕ್ಕೆ ಪತ್ರ ಬರೆದೆ. ಮೂರು ವಾರದ ನಂತರ ಉತ್ತರ ಬಂತು: ಕಚೇರಿಯ ವೇಳೆಗೆ ಅಡ್ಡಿಯಾಗದಿದ್ದರೆ ಆಕ್ಷೇಪವಿಲ್ಲ, ನಿಮ್ಮ ಮೇಲಧಿಕಾರಿಗೆ ತಿಳಿಸಿರಿ. ಆ ತಿಳಿಸುವುದೊಂದು ಬಾಕಿ ಉಳಿದಿತ್ತು. ನಮ್ಮ ಮೇಲಧಿಕಾರಿ ಮಿತಭಾಷಿ, ಬೊಕ್ಕತಲೆಯವರು. ಜಿಎಸ್‌ಟಿ ಬಿಟ್ಟು ಬೇರೆ ವಿಷಯ ಅವರೊಡನೆ ಹೇಗೆ ಎತ್ತಬೇಕು ಎಂಬುದೇ ನನಗೆ ತಿಳಿದಿರಲಿಲ್ಲ.

ಅಂಥ ಮುನಿಸಿನ ಒಂದು ಮೇ 20ರ ಮದುವೆ ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ಹತ್ತಿರದ ಒಂದು ಹಳೆಯ ಛತ್ರದಲ್ಲಿ. ವೃಷಭ ಲಗ್ನ, ಬೆಳಿಗ್ಗೆ 6:10ರಿಂದ 7 ಗಂಟೆಯೊಳಗೆ ಧಾರೆ. ಹುಡುಗಿ ಗೌರಿಪೂಜೆಗೆ ಐದೂವರೆಗೆ ಕೂರಬೇಕು. ಅಂದರೆ ನನ್ನ ಕೈಗೆ ಸಿಗುವುದು ಎರಡು ಗಂಟೆ. ಹಿಂದಿನ ದಿನ ರಾತ್ರಿ ಒಂಬತ್ತೂವರೆಗೆ ಕಚೇರಿಯಲ್ಲಿ 3ಬಿ ರಿಟರ್ನಿನ ಅಂಕಿಗಳನ್ನೆಲ್ಲ ತುಂಬಿ, "ಸರ್, ಡ್ರಾಫ್ಟ್ ಸಿದ್ಧವಿದೆ, ನಿಮ್ಮ ಸಹಿಯೊಂದೇ ಬಾಕಿ" ಎಂದು ವಾಟ್ಸ್ಆ್ಯಪ್ ಮಾಡಿದೆ. ಡಿಜಿಟಲ್ ಸಹಿಯ ಟೋಕನ್ ಇರುವುದು ಅವರ ಬಳಿ. ಅದರ ಹಿಂದೆಯೇ, ಪ್ರತಿ ಮದುಮಗಳಿಗೂ ಕಳಿಸುವ ನನ್ನ ಮಾಮೂಲು ಸೂಚನೆಯನ್ನೂ ಕಳಿಸಿ ಮೆಟ್ರೊ ಹತ್ತಿದೆ.

ರಾತ್ರಿ ಎರಡೂವರೆಗೆ ವಿಜಯನಗರದಲ್ಲಿ ಟ್ಯಾಕ್ಸಿ ಬಂತು. ಅಪರಾತ್ರಿಯಲ್ಲಿ ಚಕ್ರದ ಪೆಟ್ಟಿಗೆ ಎಳೆದುಕೊಂಡು ನಿಂತ ಹೆಂಗಸನ್ನು ಕಂಡರೆ ಈ ಊರಿನ ಯಾವ ಚಾಲಕನಿಗಾದರೂ ಮುಖ ಅರಳುತ್ತದೆ. "ಏರ್‌ಪೋರ್ಟ್ ಅಲ್ಲವೇ ಮೇಡಂ?" ಎಂದ. ಬಸವನಗುಡಿ ಎಂದೆ. ಆ ಮುಖ ಇಳಿದುಹೋದ ಪರಿ ನೋಡಿದರೆ, ಅದನ್ನು ಮೇಲೆತ್ತಲು ನನ್ನ ಪೆಟ್ಟಿಗೆಯಲ್ಲಿದ್ದ ಯಾವ ಸಾಮಾನಿನಿಂದಲೂ ಆಗುತ್ತಿರಲಿಲ್ಲ.

ಛತ್ರದಲ್ಲಿ ಜಮಖಾನದ ಮೇಲೆ ಸಾಲಾಗಿ ಮಲಗಿದ್ದ ನೆಂಟರ ಕಾಲುಗಳನ್ನು ದಾಟಿ ವಧುವಿನ ಕೋಣೆಯ ಬಾಗಿಲು ತಟ್ಟಿದೆ. ಬಾಗಿಲು ತೆರೆದ ಹುಡುಗಿಯನ್ನು ಕಂಡು ನನ್ನ ಕೈಯಿಂದ ಪೆಟ್ಟಿಗೆಯ ಹಿಡಿ ಜಾರಿತು. ಅಜ್ಜಿ ಶಾಸ್ತ್ರಕ್ಕೆಂದು ನೆತ್ತಿಗೆ ಹರಳೆಣ್ಣೆ ತಟ್ಟಿದ್ದರು. ಸ್ನಾನ ಆಗಿತ್ತು, ಹರಳೆಣ್ಣೆಗೆ ಅದು ಗೊತ್ತಾಗಿರಲಿಲ್ಲ. ಮುಖ ಹಿಂದಿನ ಸಂಜೆಯ ಅರಿಶಿನದಿಂದ ಮಾಗಿದ ಮಾವಿನಂತೆ ಹೊಳೆಯುತ್ತಿತ್ತು. ಮೈಮೇಲೆ ತಮ್ಮನ ಆರ್‌ಸಿಬಿ ಜೆರ್ಸಿ, ತಲೆಯ ಮೇಲಿಂದಲೇ ತೆಗೆಯಬೇಕಾದದ್ದು.

"ಸೂಚನೆ ಕಳಿಸಿದ್ದೆನಲ್ಲಮ್ಮಾ?"

"ಯಾವ ಸೂಚನೆ ಅಕ್ಕಾ? ನೀವು ಏನೂ ಕಳಿಸಲಿಲ್ಲ. ನಾನೇ ಕೇಳೋಣ ಎಂದುಕೊಂಡೆ."

ಮೊಬೈಲ್ ತೆಗೆದು ನೋಡಿದೆ. ಹುಡುಗಿಯ ಪುಟ ಖಾಲಿ. ಮೇಲಧಿಕಾರಿಯ ಪುಟದಲ್ಲಿ, "ನಿಮ್ಮ ಸಹಿಯೊಂದೇ ಬಾಕಿ" ಎಂಬುದರ ಕೆಳಗೆ, ಹೀಗಿತ್ತು: "ಬೆಳಗಿನ ಜಾವ ಮೂರೂವರೆಗೆ ಮುಖ ತೊಳೆದು ಕುಳಿತಿರಿ. ತಲೆಗೆ ಎಣ್ಣೆ ಖಂಡಿತ ಹಚ್ಚಬೇಡಿ. ಮುಂದೆ ಗುಂಡಿ ಇರುವ ಅಂಗಿಯನ್ನೇ ಹಾಕಿಕೊಳ್ಳಿ. ಹೆದರಬೇಡಿ, ಹುಬ್ಬನ್ನು ನಾನು ನೋಡಿಕೊಳ್ಳುತ್ತೇನೆ."

ಕೆಳಗೆ ಅವರ ಉತ್ತರ, ರಾತ್ರಿ 9:42ಕ್ಕೆ. ಒಂದು ಹೆಬ್ಬೆರಳು.

ನಿಂತು ಅಳೋಣವೆಂದರೆ ಸಮಯವಿರಲಿಲ್ಲ. ಮೊದಲು ಅರಿಶಿನ. ಹುಡುಗಿ "ಸೋಪು ಹಾಕಿ ಉಜ್ಜಿಬಿಡುತ್ತೇನೆ" ಎಂದು ನಾನು ತಡೆಯುವ ಮೊದಲೇ ಬಚ್ಚಲಿಗೆ ಓಡಿದಳು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆರತಿಯ ನೀರು ಕೆಂಪಾಗುತ್ತದಲ್ಲ, ಸೋಪಿನದೂ ಅದೇ ಜಾತಿಯ ಕ್ಷಾರಗುಣ. ಕೂದಲಂಚಿನಲ್ಲಿ ನೊರೆ ತಾಗಿದಲ್ಲೆಲ್ಲ ಹಣೆ ಓಕುಳಿಯಾಯಿತು. ಹುಡುಗಿ ಕನ್ನಡಿ ನೋಡಿ ಕಿರುಚಿದಳು, ಹೊರಗೆ ಜಮಖಾನದ ಮೇಲೆ ಯಾರೋ "ಧಾರೆ ಆಯಿತಾ?" ಎಂದು ಎದ್ದು ಕೂತರು. ನೀರು ಹಾಕಿ ತೊಳೆದ ಮೇಲೆ ಕೆಂಪು ಹೋಗಿ ಹಳದಿಯೇ ಮರಳಿ ಬಂತು, ಏನೂ ನಡೆದೇ ಇಲ್ಲ ಎಂಬಂತೆ. ಅರಿಶಿನದ ಬಣ್ಣ ನೀರಿಗೆ ಬಗ್ಗುವುದಿಲ್ಲ, ಜಿಡ್ಡಿಗೆ ಬಗ್ಗುತ್ತದೆ. ಎಣ್ಣೆ ಬೇಕು. ಪೆಟ್ಟಿಗೆಯಲ್ಲಿದ್ದ ಮೇಕಪ್ ತೆಗೆಯುವ ಮುಲಾಮು ತಳ ಕಂಡಿತ್ತು.

ಆ ಹೊತ್ತಿನಲ್ಲಿ ಛತ್ರದಲ್ಲಿ ಕಣ್ಣು ಬಿಟ್ಟಿರುವವರು ಅಡಿಗೆಯವರು ಮಾತ್ರ. ಹಿತ್ತಿಲ ಕಡೆ ಒಲೆ ಉರಿಯುತ್ತಿತ್ತು, ಉಪ್ಪಿಟ್ಟಿಗೆ ರವೆ ಹುರಿಯುವ ಘಮ. ದೊಡ್ಡ ಸಟ್ಟುಗ ಹಿಡಿದು ನಿಂತಿದ್ದ ಭಟ್ಟರನ್ನು ಒಂದು ಲೋಟ ಕೊಬ್ಬರಿ ಎಣ್ಣೆ ಕೇಳಿದೆ. ಯಾಕೆ ಏನು ಎನ್ನದೆ ಕೊಟ್ಟರು. ಹತ್ತಿಯಲ್ಲಿ ಅದ್ದಿ ಒರೆಸುತ್ತ ಹೋದಂತೆ ಹತ್ತಿ ಹಳದಿಯಾಯಿತು, ಹುಡುಗಿ ತನ್ನ ಬಣ್ಣಕ್ಕೆ ಬಂದಳು. ಎಣ್ಣೆ ಬೇಡ ಎಂದು ಊರಿಗೆಲ್ಲ ಸೂಚನೆ ಕಳಿಸುವವಳು ಮುಖಕ್ಕೆ ಎಣ್ಣೆ ಸವರುತ್ತ ನಿಂತಿದ್ದೆ.

ಇನ್ನು ತಲೆ. ಹರಳೆಣ್ಣೆಯ ಜಡೆಗೆ ಪಿನ್ನು ನಿಲ್ಲುವುದಿಲ್ಲ. ಚೌರಿ ಸೇರಿಸಿ ಅದರ ಮೇಲೆ ಮೊಗ್ಗಿನ ಜಡೆಯ ಭಾರ ಹೊರಿಸಿದರೆ ಸಪ್ತಪದಿಯ ಮೂರನೆಯ ಹೆಜ್ಜೆಗೆ ಎಲ್ಲವೂ ಕಳಚಿ ವರನ ಕಾಲ ಬಳಿ ಬೀಳುತ್ತದೆ. ಮತ್ತೆ ಹಿತ್ತಿಲಿಗೆ ಓಡಿದೆ. "ಭಟ್ಟರೇ, ಒಂದು ಬಟ್ಟಲು ಕಡಲೆ ಹಿಟ್ಟು ಕೊಡುತ್ತೀರಾ?"

ಈ ಸಲ ಭಟ್ಟರು ಸಟ್ಟುಗ ಕೆಳಗಿಟ್ಟರು. "ಎಣ್ಣೆ ಆಯಿತು, ಈಗ ಕಡಲೆ ಹಿಟ್ಟು. ಮದುಮಗಳ ಕೋಣೆಯಲ್ಲಿ ಏನಮ್ಮಾ ಮಾಡುತ್ತಿದ್ದೀರಿ, ಬಜ್ಜಿ ಕರಿಯುತ್ತಿದ್ದೀರಾ?"

ಕಡಲೆ ಹಿಟ್ಟು ಎಣ್ಣೆ ಹೀರಿತು. ಅದನ್ನು ಕೂದಲಿನಿಂದ ಕೊಡವಲು ಹತ್ತು ನಿಮಿಷ ಹೋಯಿತು. ಉಳಿದದ್ದು ನನ್ನ ಉಗುರುಗಳಲ್ಲಿ ಮನೆ ಮಾಡಿತು.

ನಾಲ್ಕೂಮುಕ್ಕಾಲಿಗೆ ಸೋದರತ್ತೆ ಪ್ರವೇಶಿಸಿದರು. ಪ್ರತಿ ಮದುವೆಯಲ್ಲೂ ಒಬ್ಬರು ಇರುತ್ತಾರೆ. ಮುಖ ಬೇರೆ, ಮಾತು ಒಂದೇ. "ಇನ್ನೂ ಒಂಚೂರು ಬೆಳ್ಳಗೆ ಮಾಡಮ್ಮಾ, ದುಡ್ಡು ತೆಗೆದುಕೊಳ್ಳುತ್ತೀಯಲ್ಲ." ಇದೊಂದು ವಿಷಯದಲ್ಲಿ ನಾನು ಮೊಂಡು. ಎರಡು ಛಾಯೆ ಬಿಳಿಚಿಸಿದರೆ ಮುಖ ಒಬ್ಬಳದು, ಕುತ್ತಿಗೆ ಇನ್ನೊಬ್ಬಳದು, ತಾಳಿ ಕಟ್ಟುವವನಿಗೂ ಗಲಿಬಿಲಿ. ಹೊಸದರಲ್ಲಿ ನಾನೂ ಒಂದು ಪಾಠ ಕಲಿತಿದ್ದೇನೆ. ಬಿಸಿಲಿನಿಂದ ಕಾಯಲಿ ಎಂದು ಟೈಟಾನಿಯಂ ಡೈಆಕ್ಸೈಡ್ ಇದ್ದ ಫೌಂಡೇಶನ್ನನ್ನು ಸಂಜೆಯ ಆರತಕ್ಷತೆಗೆ ಹಚ್ಚಿದ್ದೆ, ರಾತ್ರಿ ಯಾವ ಬಿಸಿಲು ಎಂದು ಯೋಚಿಸದೆ. ಕೋಣೆಯಲ್ಲಿ ಚಂದ ಕಂಡಿತು. ಕ್ಯಾಮೆರಾದ ಫ್ಲ್ಯಾಶ್ ಬಿದ್ದೊಡನೆ ಅದು ಬೆಳಕನ್ನೆಲ್ಲ ವಾಪಸು ಎಸೆದು, ಆಲ್ಬಮ್ಮಿನಲ್ಲಿ ಹುಡುಗಿ ಹಿಟ್ಟಿನ ಗಿರಣಿಯಿಂದ ನೇರ ವೇದಿಕೆಗೆ ಬಂದಂತಿದ್ದಳು. ಆ ಮನೆಯವರು ಈಗಲೂ ಎಲ್ಲಿಯಾದರೂ ಎದುರಾದರೆ ನಾನು ರಸ್ತೆ ದಾಟುತ್ತೇನೆ.

"ಆಗಲಿ ಅತ್ತೆ" ಎಂದು ಖಾಲಿ ಬ್ರಷ್ಷನ್ನು ಹುಡುಗಿಯ ಕೆನ್ನೆಯ ಮೇಲೆ ನಾಲ್ಕು ಸಲ ಆಡಿಸಿದೆ. "ನೋಡು, ಈಗ ಕಳೆ ಬಂತು" ಎಂದರು. ಆಮೇಲೆ "ಹೇಗೂ ಬಂದಿದ್ದೀಯಲ್ಲ" ಎಂದು ತಮ್ಮ ಮುಖವನ್ನೂ ನನ್ನ ಮುಂದಿಟ್ಟರು.

ಕೊನೆಗೆ ಉಳಿದದ್ದು ಜೆರ್ಸಿ. ಬಣ್ಣ ಹಚ್ಚಿದ ಮುಖ, ಬೈತಲೆಬೊಟ್ಟು, ಹಿಮ್ಮಡಿಯವರೆಗೆ ಮೊಗ್ಗಿನ ಜಡೆ. ಇವುಗಳ ಮೇಲಿಂದ ಅಂಗಿಯನ್ನು ಎಳೆಯುವ ಪ್ರಶ್ನೆಯೇ ಇಲ್ಲ. ನಾನು ಕತ್ತರಿ ತೆಗೆದೆ. ಹುಡುಗಿ ಕಣ್ಣು ಮುಚ್ಚಿಕೊಂಡಳು. ಒಬ್ಬಳು ಜಡೆಯನ್ನು ಎತ್ತಿ ಹಿಡಿದಳು, ನಾನು ಬೆನ್ನಿನ ಮೇಲಿದ್ದ 18ರ ನಡುವೆ, 1ನ್ನು ಒಂದು ಕಡೆಗೂ 8ನ್ನು ಇನ್ನೊಂದು ಕಡೆಗೂ ಬಿಟ್ಟು, ನೇರವಾಗಿ ಕತ್ತರಿಸಿದೆ. ಆ ಕ್ಷಣಕ್ಕೇ ತಮ್ಮ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದ. ಅಕ್ಕನನ್ನು ಕಳಿಸಿಕೊಡುವಾಗ ಆ ಹುಡುಗ ಬಿಕ್ಕಿ ಬಿಕ್ಕಿ ಅತ್ತನಂತೆ. ಎಷ್ಟು ಪಾಲು ಅಕ್ಕನಿಗೆ, ಎಷ್ಟು ಜೆರ್ಸಿಗೆ ಎಂದು ಲೆಕ್ಕ ಹಾಕುವುದು ನನ್ನಿಂದಾಗದು.

ಐದೂವರೆಗೆ ಹುಡುಗಿ ಗೌರಿಪೂಜೆಗೆ ಕೂತಳು. ಬಾಸಿಂಗದ ದಾರ ಹಣೆಯ ಬಣ್ಣವನ್ನು ಒಂದು ಗೆರೆ ಕೆರೆಯಿತು, ಜೀರಿಗೆ ಬೆಲ್ಲ ಬೈತಲೆಗೆ ಅಂಟಿತು, ಹೋಮದ ಹೊಗೆಗೆ ಇಡೀ ಛತ್ರ ಕಣ್ಣೊರೆಸಿಕೊಂಡಿತು. ಹುಡುಗಿಯ ಕಾಡಿಗೆ ಅಲುಗಲಿಲ್ಲ. ಅದನ್ನು ಕಣ್ತುಂಬ ನೋಡಿ, ಉಪ್ಪಿಟ್ಟು ತಿಂದು ಹೊರಟೆ. ಭಟ್ಟರು ಕೇಸರಿಬಾತಿನ ಮೇಲೆ ಒಂದು ಗೋಡಂಬಿ ಹೆಚ್ಚಿಗೆ ಇಟ್ಟಿದ್ದರು.

ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ಸ್ಕ್ಯಾನರಿನೊಳಗೆ ಹೋಗಿ ಅಲ್ಲೇ ನಿಂತಿತು. ಪರದೆಯಲ್ಲಿ ರೆಪ್ಪೆ ಸುರುಳಿ ಮಾಡುವ ಇಕ್ಕಳ ಯಾವುದೋ ಚಿತ್ರಹಿಂಸೆಯ ಸಲಕರಣೆಯಂತೆ ಕಾಣುತ್ತಿತ್ತು. ತೆರೆಯಲು ಹೇಳಿದರು. ತೆರೆದೊಡನೆ ಮೇಲಿದ್ದ ಮಾರುದ್ದದ ಚೌರಿ ನೆಲಕ್ಕೆ ಇಳಿಯಿತು. ಭದ್ರತೆಯ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದು, "ಇದು ಯಾರದು?" ಎಂದರು. ಏನು ಎಂದಲ್ಲ, ಯಾರದು ಎಂದು. ವಿವರಿಸಿದೆ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಚೌರಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರಾಜೀನಾಮೆ ಪತ್ರದ ಮೊದಲ ಸಾಲನ್ನು ಮನಸ್ಸಿನಲ್ಲೇ ಬರೆಯುತ್ತ, ಇಂದಿರಾನಗರದ ಹತ್ತಿರ ನಿದ್ದೆ ಹೋದೆ.

ಕಚೇರಿಯಲ್ಲಿ ಪಕ್ಕದ ಮೇಜಿನವಳು ಮೂಗು ಅರಳಿಸಿ, "ಯಾರು ಬಜ್ಜಿ ತಂದಿದ್ದೀರಿ?" ಎಂದಳು. ಕೈಗಳನ್ನು ಮೇಜಿನ ಕೆಳಗಿಟ್ಟೆ. ಹನ್ನೊಂದು ಗಂಟೆಗೆ ಮೇಲಧಿಕಾರಿ ಕರೆಸಿದರು. ಒಳಗೆ ಹೋದೊಡನೆ ಎದ್ದು ಬಾಗಿಲು ಹಾಕಿದರು. ಅವರ ಕಣ್ಣುಗಳು ನನ್ನವಕ್ಕಿಂತ ಕೆಂಪಗಿದ್ದವು. ಕೆಳಗೆ ಕಪ್ಪು, ಕಿತ್ತಳೆ ಬಣ್ಣದ ಕರೆಕ್ಟರ್ ತೆಳ್ಳಗೆ ಒಂದು ಪದರ ಸಾಕು ಎಂದು ಮನಸ್ಸು ತಾನಾಗಿ ಅಂದಾಜು ಹಾಕಿತು.

"ನೀವು ಹೇಳಿದ ಹಾಗೆಯೇ ಮಾಡಿದೆ" ಎಂದರು. "ಮೂರೂವರೆಗೆ ಮುಖ ತೊಳೆದು ಕುಳಿತೆ. ಕೊನೆಯ ದಿನ ಹಗಲು ಹೊತ್ತು ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಸಹಿ ಹಾಕಿ ರಿಟರ್ನ್ ಸಲ್ಲಿಸಿದೆ. 3:47ಕ್ಕೆ ಸ್ವೀಕೃತಿ ಸಂಖ್ಯೆ ಬಂತು. ಒಳ್ಳೆಯ ಉಪಾಯ. ಮುಂದಿನ ತಿಂಗಳಿಂದ ಹೀಗೆಯೇ ಮಾಡೋಣ."

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ಗುಂಡಿಯ ಅಂಗಿ ಸರಿ, ಕಚೇರಿಯ ಕೆಲಸ ಎಂದ ಮೇಲೆ ಶಿಸ್ತು ಬೇಕು. ಎಣ್ಣೆಯದು ಅರ್ಥವಾಗಲಿಲ್ಲ. ನಿಮ್ಮ ತಲೆ ನೋಡಿದವರು ಹಾಗೆ ಬರೆದಿದ್ದಾರೆಂದರೆ ಏನೋ ಗೂಢಾರ್ಥವಿರಬೇಕು ಎಂದು ನಮ್ಮ ಮನೆಯವಳು ಹೇಳಿದಳು." ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ಹೋಗಲಿ. ಹುಬ್ಬನ್ನು ನಾನು ನೋಡಿಕೊಳ್ಳುತ್ತೇನೆ ಎಂದಿರಲ್ಲ, ಅದೇನು?"

ಕನ್ನಡಕವಿಲ್ಲದ ಅವರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎಡ ಹುಬ್ಬಿನ ಮೂರು ನರೆಗೂದಲು ಸಾಲು ತಪ್ಪಿಸಿಕೊಂಡು ಹಣೆಯ ಕಡೆಗೆ ಹೊರಟಿದ್ದವು.

"ಕಿಟಕಿಯ ಕಡೆ ತಿರುಗಿ ಕುಳಿತುಕೊಳ್ಳಿ ಸರ್" ಎಂದೆ. ಪ್ಲಕರ್ ಕೈಚೀಲದಲ್ಲೇ ಇತ್ತು.